ಹೊಲ ಅವರದು, ಗಿಡ ನಿಮ್ಮದು?

ಆಳಂದ, ಅಫಜಲಪುರ, ಜೇವರ್ಗಿ ಕಡೆ ದೊಡ್ಡ ಮರಕ್ಕೂ ನಾವು ಗಿಡ ಅಂತಲೇ ಅನ್ನೋದು. ಹೊಲ ಲಾವಣಿಗೆ ಕೊಟ್ಟರೆ ತೊಗರಿ, ಜೋಳ ಬೆಳೆದವನಿಗೆ ಹೋಗುತ್ತೆ. ಬದುವಿನ ಬೇವಿನ ಗಿಡಕ್ಕೆ ಮಾತ್ರ ಮಾಲೀಕನನ್ನು ಕೇಳದೆ ಕೊಡಲಿ ಹಾಕೋ ಹಾಗಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆ ಹೇಳೋದೂ ಅದೇ: ಬೇರೆ ಕರಾರು ಇಲ್ಲದಿದ್ದರೆ ಗೇಣಿದಾರ ಮರ ಕಡಿದು ಮಾರುವಂತಿಲ್ಲ.

ಹಾಗಾಗಿ "ವಿದೇಶದಲ್ಲಿ ನಿಮ್ಮ ಹೆಸರಿಗೆ ತೇಗದ ಮರ, 20 ವರ್ಷಕ್ಕೆ ಭಾರಿ ಲಾಭ" ಅನ್ನೋ ಸ್ಕೀಮು ಆಫೀಸಿನ ವಾಟ್ಸಾಪ್ ಗ್ರೂಪಿಗೆ ಬಂದಾಗ ನನಗೆ ಮೊದಲು ಹೊಳೆಯೋದು ಲಾಭವಲ್ಲ. ಹೊಲ ಅವರದಾದ್ರೆ ಗಿಡ ಹೇಗೆ ನಿಮ್ಮದು?

ಇಂಥದೇ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. 1948ರಲ್ಲಿ ಮಧ್ಯಪ್ರಾಂತ್ಯದ ಒಬ್ಬ ಜಮೀನ್ದಾರ ತನ್ನ ಕಾಡಿನ ಮರ ಕಡಿದುಕೊಳ್ಳೋ ಹಕ್ಕನ್ನು 1960ರವರೆಗೆ 26,000 ರೂಪಾಯಿಗೆ ಹೆಂಡತಿ ಶಾಂತಾಬಾಯಿಗೆ ಬರೆದುಕೊಟ್ಟ. ಪತ್ರ ನೋಂದಣಿ ಆಗಲಿಲ್ಲ. ಮುಂದೆ ಜಮೀನ್ದಾರಿ ರದ್ದಾಗಿ ಕಾಡು ಸರ್ಕಾರದ್ದಾಯಿತು. ಆಕೆ ಕೋರ್ಟಿಗೆ ಹೋದರು, 1958ರಲ್ಲಿ ಸೋತರು. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಒಂದು ಗೆರೆ ಎಳೆದರು. ಬೇಗ ಕಡಿಯಲೆಂದೇ ಕೊಂಡದ್ದು ನಾಟಾ, ಅದು ಚರಾಸ್ತಿ. ಇನ್ನೂ ವರ್ಷಗಟ್ಟಲೆ ನೆಲದ ಸಾರ ಹೀರಿ ಬೆಳೆಯಬೇಕಾದದ್ದು ಮರ, ಅದು ಸ್ಥಿರಾಸ್ತಿ. ಅದರ ಹಕ್ಕಿಗೆ ನೋಂದಾಯಿತ ಪತ್ರ ಬೇಕು.

ಈಗ 90ರ ದಶಕಕ್ಕೆ ಬನ್ನಿ. ಊರೂರಲ್ಲಿ ತೇಗದ ಕಂಪನಿಗಳು ಬಣ್ಣದ ಸರ್ಟಿಫಿಕೇಟು ಹಂಚಿದವು. 20 ವರ್ಷ ಬೆಳೆಯಬೇಕಾದ ತೇಗ ಬೋಸ್ ಲೆಕ್ಕದಲ್ಲಿ ಸ್ಥಿರಾಸ್ತಿ. ಕೈಗೆ ಬಂದದ್ದು ಬರೀ ಭರವಸೆ. ಚೆನ್ನೈನ ಅನುಭವ್ ಪ್ಲಾಂಟೇಷನ್ಸ್ 1998ರಲ್ಲಿ ಮುಳುಗಿತು. ಅಷ್ಟರಲ್ಲಿ, 1997ರ ನವೆಂಬರಿನಲ್ಲಿ, ಕೇಂದ್ರ ಸರ್ಕಾರ ಇಂಥ ಯೋಜನೆಗಳನ್ನು ಸೆಬಿ ಕೈಗೆ ಕೊಟ್ಟಿತ್ತು. ನಿಯಮ ಬಂದದ್ದು 1999ರ ಅಕ್ಟೋಬರಿನಲ್ಲಿ. ಸೂತ್ರ ಸರಳ: ಎಲ್ಲರ ದುಡ್ಡು ಒಂದೆಡೆ ಸೇರಿ, ತೋಟ ಬೇರೆಯವರು ನೋಡಿಕೊಂಡು, ದಿನದ ನಿರ್ವಹಣೆಯಲ್ಲಿ ನಿಮ್ಮ ಮಾತೇ ಇಲ್ಲದಿದ್ದರೆ ಅದು ಸಾಮೂಹಿಕ ಹೂಡಿಕೆ. "ಮಾರಾಟ" ಅಂತ ಹೆಸರಿಟ್ಟರೂ ಸೆಬಿ ನೋಂದಣಿ ಬೇಕು.

ಗಡಿ ದಾಟಿದ ಮೇಲೆ ಗಿಡ ನಿಲ್ಲೋದು ಆ ದೇಶದ ನೆಲದಲ್ಲಿ, ನಡೆಯೋದು ಆ ದೇಶದ ಭೂಕಾನೂನು. ಬ್ರೆಜಿಲ್ ತೇಗದ ಹೆಸರಲ್ಲಿ ಗ್ಲೋಬಲ್ ಫಾರೆಸ್ಟ್ರಿ ಇನ್ವೆಸ್ಟ್‌ಮೆಂಟ್ಸ್ ಸುಮಾರು 2,000 ಹೂಡಿಕೆದಾರರಿಂದ 3.7 ಕೋಟಿ ಪೌಂಡ್ ಎತ್ತಿತ್ತು. 2022ರಲ್ಲಿ ಲಂಡನ್ನಿನ ಕೋರ್ಟು ಅದರ ಇಬ್ಬರು ನಿರ್ದೇಶಕರಿಗೆ ತಲಾ 11 ವರ್ಷ ಜೈಲು ವಿಧಿಸಿತು.

ಅದಕ್ಕೇ ಸೇಲ್ಸ್‌ನವರಿಗೆ ಮೂರೇ ಪ್ರಶ್ನೆ ಕೇಳಿ. ಅಲ್ಲಿನ ಭೂದಾಖಲೆಯಲ್ಲಿ ನನ್ನ ಹೆಸರು ಎಲ್ಲಿದೆ? ಕಟಾವಿನವರೆಗೆ ನೆಲದ ಗುತ್ತಿಗೆ ನೋಂದಣಿ ಆಗಿದೆಯಾ? ಕಂಪನಿ ದಿವಾಳಿ ಆದರೆ ಗಿಡ ನನಗಾ, ಸಾಲ ಕೊಟ್ಟ ಬ್ಯಾಂಕಿಗಾ? ಲಾಭದ ಎಕ್ಸೆಲ್ ಶೀಟು ಆಮೇಲೆ ನೋಡೋಣ. ಪಹಣಿ ನೋಡದೆ ನಮ್ಮ ಕಡೆ ಎರಡೆಕರೆ ಹೊಲಕ್ಕೂ ಯಾರೂ ಮುಂಗಡ ಕೊಡಲ್ಲ.