ಎಲ್ಲರೂ ನೋಡಿದ್ದ, ಹೆಸರಿಲ್ಲದ ಮೀನು

ಮದ್ದೂರು ಅಂದ ತಕ್ಷಣ ವಡೆ ನೆನಪಾದರೆ ಅದು ಮಂಡ್ಯದ ಮದ್ದೂರು. ನಾನು ಹೇಳುತ್ತಿರುವುದು ಗುಂಡ್ಲುಪೇಟೆಯಿಂದ ಕೇರಳಕ್ಕೆ ಹೋಗುವ ದಾರಿಯಲ್ಲಿ, ಬಂಡೀಪುರದ ಕಾಡಿಗೆ ಅಂಟಿಕೊಂಡಿರುವ ಮದ್ದೂರು. ಈ ಕಾಡಿನ ದಕ್ಷಿಣದ ಗಡಿಯಲ್ಲಿ ಮೋಯಾರ್ ನದಿ ಹರಿಯುತ್ತದೆ. ಅಲ್ಲಿನ ಒಂದು ಮೀನಿಗೆ ಹೆಸರು ಸಿಕ್ಕ ಕಥೆ ಇದು.

ಹೊಸ ಪ್ರಭೇದ ಅಂದರೆ ಯಾರ ಕಣ್ಣಿಗೂ ಬೀಳದ ಜೀವಿ ಅಂದುಕೊಳ್ಳುತ್ತೇವೆ, ಅಲ್ವಾ? ಇನ್ವೆಸ್ಟಿಗೇಟರ್ ಹಡಗಿನ ವೈದ್ಯನಾಗಿದ್ದ ಆಲ್ಫ್ರೆಡ್ ಆಲ್ಕಾಕ್, ಬಂಗಾಳ ಕೊಲ್ಲಿಯ ಆಳದಿಂದ ಬಂದ ಚಪ್ಪಟೆ ಮೀನೊಂದಕ್ಕೆ 1894ರಲ್ಲೇ ಚಾಸ್ಕನಾಪ್ಸೆಟಾ ಲುಗುಬ್ರಿಸ್ ಅಂತ ಹೆಸರಿಟ್ಟ. ಕತ್ತಲಲ್ಲಿದ್ದ ಮೀನಿಗೆ ಹೆಸರು ಬಂತು. ನಮ್ಮ ಕಾವೇರಿಯ ಗೂನುಬೆನ್ನಿನ ಮಹಶೀರ್‌ಗೆ ಬರಲಿಲ್ಲ!

ಇದನ್ನು ನೋಡದವರೇ ಇರಲಿಲ್ಲ. 1873ರಲ್ಲಿ ಎಚ್.ಎಸ್. ಥಾಮಸ್ ತನ್ನ ಪುಸ್ತಕದಲ್ಲಿ ಇದರ ಬಗ್ಗೆ ಬರೆದ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕೆಜಿ ತೂಕದ ಮಹಶೀರ್ ಹಿಡಿದರು. ಹೆಸರು ಮಾತ್ರ ಗೊಂದಲ. 1839ರಲ್ಲಿ ಸೈಕ್ಸ್ ದಖನ್ನಿನ ಬೇರೊಂದು ಮೀನಿಗೆ ಕೊಟ್ಟಿದ್ದ 'ಮುಸುಲ್ಲಾ' ಎಂಬ ಹೆಸರನ್ನೇ ಇದಕ್ಕೂ ಅಂಟಿಸಿದ್ದರು. ಆ ಮೀನು ಮಹಶೀರ್ ಕುಲದ್ದೇ ಅಲ್ಲ ಅಂತ 2013ರಲ್ಲಿ ಗೊತ್ತಾಯಿತು.

ಹೆಸರಿಲ್ಲದಿದ್ದರೆ ಏನು ನಷ್ಟ? ನಮ್ಮ ಡೇಟಾಬೇಸ್ ಭಾಷೆಯಲ್ಲಿ ಹೇಳುವುದಾದರೆ, ಐಡಿ ಇಲ್ಲದ ರೆಕಾರ್ಡ್ ಅಳಿಸಿಹೋದರೂ ಯಾರಿಗೂ ಎರರ್ ಬರುವುದಿಲ್ಲ. 1970ರ ದಶಕದಿಂದ ಲೋಣಾವಳದಲ್ಲಿ ಬೆಳೆಸಿದ ನೀಲಿರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಟ್ಟರು. ಉದ್ದೇಶ ಒಳ್ಳೆಯದೇ. ಎಲ್ಲ ಮಹಶೀರ್ ಒಂದೇ ಅನ್ನುವ ಲೆಕ್ಕದಲ್ಲಿ ನದಿ ತುಂಬಿದಂತೆ ಕಂಡಿತು. ಆದರೆ 1998ರಿಂದ 2012ರವರೆಗೆ ಗಾಳ ಹಾಕುವವರು ಬರೆದಿಟ್ಟ ಲೆಕ್ಕ ತೆಗೆದು ನೋಡಿದರೆ, ನೀಲಿರೆಕ್ಕೆಯದು ಏರುತ್ತಿತ್ತು, ಗೂನುಬೆನ್ನಿನದು ಕುಸಿಯುತ್ತಿತ್ತು.

ಕೊನೆಗೆ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಜೊತೆಗಾರರು ಮೋಯಾರ್‌ನಲ್ಲಿ ಉಳಿದಿದ್ದ ಮೀನುಗಳನ್ನು ಪರೀಕ್ಷಿಸಿದರು. ಕೇರಳದ ಪಾಂಬಾರ್ ನದಿಯ ಚಿಕ್ಕ ಮೀನುಗಳನ್ನು ನೋಡಿ ಕುರುಪ್ ಮತ್ತು ರಾಧಾಕೃಷ್ಣನ್ ಹಿಂದೆಯೇ ವಿವರಿಸಿದ್ದ 'ಟಾರ್ ರೆಮಾದೇವಿಯೈ' ಇದೇ ಅಂತ 2018ರಲ್ಲಿ ಖಚಿತವಾಯಿತು. ಆ ಹೆಸರು ಭಾರತೀಯ ಪ್ರಾಣಿ ಸರ್ವೇಕ್ಷಣೆಯ ವಿಜ್ಞಾನಿ ಕೆ. ರೆಮಾದೇವಿಯವರ ಗೌರವಕ್ಕೆ ಇಟ್ಟದ್ದು. ಪಾಂಬಾರ್ ಕೂಡ ಅಮರಾವತಿಯ ಮೂಲಕ ಕಾವೇರಿಯನ್ನೇ ಸೇರುತ್ತದೆ ನೋಡಿ.

ಅದೇ ವರ್ಷ ನವೆಂಬರಿನಲ್ಲಿ ಈ ಮೀನು ಐಯುಸಿಎನ್ ಕೆಂಪು ಪಟ್ಟಿಗೆ ಸೇರಿತು, 'ಅಳಿವಿನ ತೀವ್ರ ಅಪಾಯದಲ್ಲಿದೆ' ಅನ್ನುವ ವರ್ಗದಲ್ಲಿ. ನಾಮಕರಣ ಆದ ಬೆನ್ನಿಗೇ ಐಸಿಯು. ಆದರೂ ಈಗ ಉಳಿಸಬೇಕಾದ್ದು ಯಾವುದನ್ನು ಅನ್ನುವುದಾದರೂ ಗೊತ್ತಿದೆ.