ಟೆಡ್ಡಿಯ ಮೊಣಕಾಲು, ಫಿಲಡೆಲ್ಫಿಯಾದ ಫಸಲು

2016ರ ಆಗಸ್ಟ್ 30. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ವೈಕಿಂಗ್ಸ್ ಎಂಬ ಫುಟ್‌ಬಾಲ್ ತಂಡದ ಅಭ್ಯಾಸ ನಡೆದಿತ್ತು. ಟೆಡ್ಡಿ ಬ್ರಿಡ್ಜ್‌ವಾಟರ್ ಎಂಬ 23 ವರ್ಷದ ಆಟಗಾರ ಚೆಂಡು ಎಸೆಯಲೆಂದು ಹಿಂದಕ್ಕೆ ಹೆಜ್ಜೆ ಹಾಕಿದರು. ಯಾರೂ ಅವರನ್ನು ಮುಟ್ಟಿರಲಿಲ್ಲ. ಎಡ ಮೊಣಕಾಲ ಕೀಲು ತಪ್ಪಿ ನೆಲಕ್ಕೆ ಕುಸಿದರು. ಜೊತೆಗಾರರು ಹೆಲ್ಮೆಟ್ ಎತ್ತಿ ಎಸೆದರು, ಕೆಲವರು ಮಂಡಿಯೂರಿ ಪ್ರಾರ್ಥಿಸಿದರು. ಕೋಚ್ ಅವತ್ತಿನ ಅಭ್ಯಾಸವನ್ನೇ ನಿಲ್ಲಿಸಿದರು. ಆಂಬುಲೆನ್ಸ್ ಬಂತು.

ಇದಾಗಿ ನಾಲ್ಕೇ ದಿನಕ್ಕೆ ಆ ಮೊಣಕಾಲಿನ ನಷ್ಟ ತುಂಬಿಕೊಳ್ಳಲು ವೈಕಿಂಗ್ಸ್ ಒಂದು ವ್ಯಾಪಾರ ಮಾಡಿತು. ಆ ವ್ಯಾಪಾರದ ಲಾಭ ಇನ್ನೊಂದು ಊರಿನ ತಂಡಕ್ಕೆ ಒಂಬತ್ತು ವರ್ಷ ಬಂತು. ಆ ಲೆಕ್ಕ ಹೇಗೆ ನಡೆಯಿತು ಅಂತ ಇವತ್ತು ನೋಡೋಣ.

ಮೊದಲು ಆಟದ ಬಗ್ಗೆ ಎರಡು ಮಾತು. ಅಮೆರಿಕದವರು ಫುಟ್‌ಬಾಲ್ ಅನ್ನುವುದು ನಾವು ಕಾಲಲ್ಲಿ ಒದೆಯುವ ಆಟವಲ್ಲ. ಅಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಎದುರಾಳಿಗಳು ಕಬಡ್ಡಿಯಲ್ಲಿ ರೈಡರ್‌ನನ್ನು ಕೆಡವುವ ಹಾಗೆ ಹಿಡಿದು ಕೆಡವುತ್ತಾರೆ. ಚೆಂಡು ಎಸೆಯುವವನನ್ನು ಕ್ವಾರ್ಟರ್‌ಬ್ಯಾಕ್ ಅನ್ನುತ್ತಾರೆ. ಇಡೀ ತಂಡ ನಿಂತಿರುವುದೇ ಅವನ ಮೇಲೆ. ಟೆಡ್ಡಿ ವೈಕಿಂಗ್ಸ್‌ನ ಕ್ವಾರ್ಟರ್‌ಬ್ಯಾಕ್.

ಇನ್ನು ಡ್ರಾಫ್ಟ್. ನಮ್ಮ ಐಪಿಎಲ್‌ನಲ್ಲಿ ಹರಾಜು ಇದೆ, ದುಡ್ಡಿದ್ದವರು ಕೂಗುತ್ತಾರೆ. ಅಲ್ಲಿ ಹಾಗಿಲ್ಲ. ಕಾಲೇಜು ಆಟ ಮುಗಿಸಿ ಬರುವ ಹುಡುಗರನ್ನು 32 ತಂಡಗಳು ವರ್ಷಕ್ಕೊಮ್ಮೆ ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ತೀರಾ ಸೋತ ತಂಡಕ್ಕೆ ಮೊದಲ ಸರದಿ, ಗೆದ್ದ ತಂಡಕ್ಕೆ ಕೊನೆಯದು. ಹೀಗೆ ಏಳು ಸುತ್ತು. ಆ ಒಂದೊಂದು ಸರದಿಯ ಹೆಸರೇ ಪಿಕ್.

ಈ ಪದ್ಧತಿಯನ್ನು 1935ರಲ್ಲಿ ಸೂಚಿಸಿದವರು ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕ ಬರ್ಟ್ ಬೆಲ್. ಅವರ ತಂಡ ಸೋತು ಸುಣ್ಣವಾಗಿತ್ತು, ಒಳ್ಳೆಯ ಹುಡುಗರೆಲ್ಲ ದೊಡ್ಡ ತಂಡಗಳಿಗೇ ಹೋಗುತ್ತಿದ್ದರು. 1936ರ ಫೆಬ್ರವರಿ 8ರಂದು ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಒಂಬತ್ತು ತಂಡಗಳು ಕೂತು 81 ಹುಡುಗರನ್ನು ಹಂಚಿಕೊಂಡವು. ಮೊದಲ ಸರದಿ ಈಗಲ್ಸ್‌ನದೇ. ಆರಿಸಿದ್ದು ಜೇ ಬರ್ವಾಂಗರ್ ಎಂಬವರನ್ನು. ಸಂಬಳ ಹೊಂದಲಿಲ್ಲ, ಅವರ ಹಕ್ಕನ್ನು ಶಿಕಾಗೋ ಬೇರ್ಸ್‌ಗೆ ಬಿಟ್ಟುಕೊಟ್ಟು ಬೇರೊಬ್ಬ ಆಟಗಾರನನ್ನು ತಂದರು. ಬರ್ವಾಂಗರ್ ಬೇರ್ಸ್‌ಗೂ ಆಡಲಿಲ್ಲ, ಬೇರೆ ಕೆಲಸ ಹಿಡಿದರು. ಅಂದರೆ ಡ್ರಾಫ್ಟ್ ಹುಟ್ಟಿದ ವರ್ಷವೇ ಅದರಲ್ಲಿ ವ್ಯಾಪಾರವೂ ಹುಟ್ಟಿತು.

ಈಗಂತೂ ಇನ್ನೂ ಬಾರದ ವರ್ಷದ ಪಿಕ್ಕನ್ನೂ ಕೊಟ್ಟು ತೆಗೆದುಕೊಳ್ಳುತ್ತಾರೆ. ಮಲೆನಾಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆ ಮರದ ಮೇಲಿರುವಾಗಲೇ ಫಸಲನ್ನು ಚೇಣಿಗೆ ಕೊಡುವ ಹಾಗೆ. ಕೊಳೆ ಬಂದರೆ ಚೇಣಿ ಹಿಡಿದವನಿಗೆ ನಷ್ಟ, ಬೆಳೆ ಚೆನ್ನಾಗಿ ಬಂದರೆ ತೋಟದವನು ಹೊಟ್ಟೆ ಉರಿದುಕೊಳ್ಳಬೇಕು.

ಟೆಡ್ಡಿಯ ಕಾಲಿಗೆ ಬರೋಣ. ಲಿಗಮೆಂಟ್ ಹರಿದಿತ್ತು, ಕೀಲು ಪೂರ್ತಿ ಜಾಗ ಬಿಟ್ಟಿತ್ತು. ಮೊಣಕಾಲ ಕೀಲು ಹೀಗೆ ತಪ್ಪಿದಾಗ ಹಿಂಬದಿಯ ದೊಡ್ಡ ರಕ್ತನಾಳ ಹರಿಯುವ ಅಪಾಯವಿದೆ. ಹರಿದರೆ ಪಾದಕ್ಕೆ ರಕ್ತ ಹೋಗುವುದಿಲ್ಲ, ಕೆಲವೇ ಗಂಟೆಗಳಲ್ಲಿ ಸರಿಪಡಿಸದಿದ್ದರೆ ಕಾಲನ್ನೇ ತೆಗೆಯಬೇಕಾಗುತ್ತದೆ. ನಮ್ಮ ಊರ ಕಬಡ್ಡಿ ಅಂಕಣಗಳಲ್ಲಿ ಕಾಲು ಎಳೆದು ನೆಟ್ಟಗೆ ಮಾಡಲು ಹೋಗುವವರು ಇದೊಂದನ್ನು ನೆನಪಿಟ್ಟುಕೊಳ್ಳಲಿ. ಟೆಡ್ಡಿಯ ಪುಣ್ಯಕ್ಕೆ ತಂಡದ ವೈದ್ಯಕೀಯ ಸಿಬ್ಬಂದಿ ಪಕ್ಕದಲ್ಲೇ ಇದ್ದರು, ರಕ್ತನಾಳಕ್ಕೆ ಪೆಟ್ಟಾಗಿರಲಿಲ್ಲ. ಕಾಲು ಉಳಿಯಿತು. ಆ ವರ್ಷದ ಆಟ ಹೋಯಿತು.

ವೈಕಿಂಗ್ಸ್‌ಗೆ ಕೈಕಾಲು ಆಡಲಿಲ್ಲ. ಹಿಂದಿನ ವರ್ಷ ಟೆಡ್ಡಿ ಇದ್ದಾಗ 16ರಲ್ಲಿ 11 ಪಂದ್ಯ ಗೆದ್ದು ತಮ್ಮ ವಿಭಾಗದಲ್ಲಿ ಮೊದಲ ಸ್ಥಾನದಲ್ಲಿದ್ದ ತಂಡ. ಮಿನಿಯಾಪೊಲಿಸ್‌ನಲ್ಲಿ ಹೊಸ ಕ್ರೀಡಾಂಗಣ ತೆರೆಯುವ ವರ್ಷ ಬೇರೆ. ಮೊದಲ ಪಂದ್ಯಕ್ಕೆ ಉಳಿದದ್ದು ಹನ್ನೆರಡೇ ದಿನ. ಗರಜು ಇದ್ದವನು ಸಂತೆಯಲ್ಲಿ ಚೌಕಾಸಿ ಮಾಡಲಾರ. ಸೆಪ್ಟೆಂಬರ್ 3ರಂದು ಫಿಲಡೆಲ್ಫಿಯಾ ಈಗಲ್ಸ್‌ನಿಂದ ಸ್ಯಾಮ್ ಬ್ರಾಡ್‌ಫೋರ್ಡ್ ಎಂಬ ಕ್ವಾರ್ಟರ್‌ಬ್ಯಾಕನ್ನು ತಂದರು. ಬದಲಿಗೆ ಕೊಟ್ಟದ್ದು 2017ರ ಮೊದಲ ಸುತ್ತಿನ ಪಿಕ್, 2018ರ ನಾಲ್ಕನೇ ಸುತ್ತಿನ ಪಿಕ್. ಎರಡನೆಯದಕ್ಕೆ ಷರತ್ತೂ ಇತ್ತು. ವೈಕಿಂಗ್ಸ್ ತುಂಬ ದೂರ ಹೋದರೆ ನಾಲ್ಕನೇ ಸುತ್ತಿನದು ಮೂರಕ್ಕೋ ಎರಡಕ್ಕೋ ಏರಬೇಕು.

ಷರತ್ತಿನ ಪಿಕ್ ಬ್ರಾಡ್‌ಫೋರ್ಡ್‌ಗೆ ಹೊಸದಲ್ಲ. ಅವರ ಎಡ ಮೊಣಕಾಲಿನ ಲಿಗಮೆಂಟ್ 2013ರಲ್ಲಿ ಒಮ್ಮೆ, 2014ರಲ್ಲಿ ಇನ್ನೊಮ್ಮೆ ಹರಿದಿತ್ತು. 2015ರಲ್ಲಿ ಈಗಲ್ಸ್ ಅವರನ್ನು ಸೇಂಟ್ ಲೂಯಿಸ್ ರ‍್ಯಾಮ್ಸ್‌ನಿಂದ ತಂದಾಗ ಒಪ್ಪಂದದಲ್ಲೇ ಬರೆಸಿಕೊಂಡಿದ್ದರು: ಅರ್ಧಕ್ಕಿಂತ ಕಡಿಮೆ ಆಡಿದರೆ ರ‍್ಯಾಮ್ಸ್ ಒಂದು ನಾಲ್ಕನೇ ಸುತ್ತಿನ ಪಿಕ್ ಕೊಡಬೇಕು, ಗಾಯದಿಂದ ಆಡದೇ ಹೋದರೆ ಮೂರನೇ ಸುತ್ತಿನದು. ಟ್ರ್ಯಾಕ್ಟರ್‌ಗೆ ವಾರಂಟಿ ಬರೆಸಿಕೊಂಡ ಹಾಗೆ ಮನುಷ್ಯನ ಮಂಡಿಗೆ ವಾರಂಟಿ! ಆ ವರ್ಷ ಬ್ರಾಡ್‌ಫೋರ್ಡ್ 14 ಪಂದ್ಯ ಆಡಿದ್ದರಿಂದ ರ‍್ಯಾಮ್ಸ್ ಏನೂ ಕೊಡಬೇಕಾಗಲಿಲ್ಲ. ಆದರೆ ಇಲ್ಲಿ ಗಮನಿಸಿ. ಮಂಡಿ ಹೋಗಿದ್ದರೂ ಪರಿಹಾರ ತಂಡದಿಂದ ತಂಡಕ್ಕೆ. ಮಂಡಿ ಕಳೆದುಕೊಂಡವನಿಗೆ ಆ ಪಿಕ್‌ನಲ್ಲಿ ಪಾಲಿಲ್ಲ.

ಬ್ರಾಡ್‌ಫೋರ್ಡ್ ಬಂದರು, ಮೊದಲ ಐದು ಪಂದ್ಯ ವೈಕಿಂಗ್ಸ್ ಗೆದ್ದಿತು, ಆಮೇಲೆ ಇಳಿಮುಖ. ವರ್ಷದ ಕೊನೆಗೆ 8 ಗೆಲುವು, 8 ಸೋಲು. ಪ್ಲೇಆಫ್ ಇಲ್ಲ. ಹಾಗಾಗಿ ನಾಲ್ಕನೇ ಸುತ್ತಿನ ಪಿಕ್ ಮೇಲೇರಲಿಲ್ಲ. ಆದರೆ ಸೋತದ್ದರಿಂದ ಮೊದಲ ಸುತ್ತಿನ ಪಿಕ್ ಬೆಲೆ ಏರಿತು, 14ನೇ ಸರದಿ ಆಯಿತು. ಮರುವರ್ಷದ ಶುರುವಲ್ಲೇ ಬ್ರಾಡ್‌ಫೋರ್ಡ್‌ನ ಮಂಡಿ ಮತ್ತೆ ಕೈಕೊಟ್ಟಿತು.

14ನೇ ಸರದಿಯಲ್ಲಿ ಈಗಲ್ಸ್ ಆರಿಸಿದ್ದು ಡೆರೆಕ್ ಬಾರ್ನೆಟ್ ಎಂಬ ಹುಡುಗನನ್ನು. 2018ರ ಜನವರಿ 21ರಂದು ಸೂಪರ್ ಬೌಲ್‌ಗೆ ಹೋಗುವ ಕೊನೆಯ ಮೆಟ್ಟಿಲಲ್ಲಿ ಈಗಲ್ಸ್ ಎದುರು ನಿಂತದ್ದು ಇದೇ ವೈಕಿಂಗ್ಸ್. ಬಾರ್ನೆಟ್ ವೈಕಿಂಗ್ಸ್‌ನ ಕ್ವಾರ್ಟರ್‌ಬ್ಯಾಕ್ ಕೈಯಿಂದ ಚೆಂಡು ಬೀಳಿಸಿದರು. ಈಗಲ್ಸ್ 38, ವೈಕಿಂಗ್ಸ್ 7. ಎರಡು ವಾರದ ನಂತರ ಫೆಬ್ರವರಿ 4ರಂದು ಸೂಪರ್ ಬೌಲ್. ಅದು ನಡೆದದ್ದು ಎಲ್ಲಿ ಗೊತ್ತೇ? ಮಿನಿಯಾಪೊಲಿಸ್‌ನ ಅದೇ ಹೊಸ ಕ್ರೀಡಾಂಗಣದಲ್ಲಿ, ವೈಕಿಂಗ್ಸ್‌ನ ಮನೆಯಂಗಳದಲ್ಲಿ. ಆಟ ಮುಗಿಯಲು ಎರಡು ನಿಮಿಷದ ಸುಮಾರಿಗೆ ಎದುರಾಳಿ ಟಾಮ್ ಬ್ರೇಡಿಯ ಕೈಯಿಂದ ಬ್ರ್ಯಾಂಡನ್ ಗ್ರಹಾಂ ಚೆಂಡು ಉದುರಿಸಿದರು. ಬಿದ್ದ ಚೆಂಡನ್ನು ಬಾಚಿಕೊಂಡವರು ಬಾರ್ನೆಟ್. ಈಗಲ್ಸ್ 41-33ರಿಂದ ಗೆದ್ದಿತು, ಅದು ಅವರ ಮೊದಲ ಸೂಪರ್ ಬೌಲ್ ಗೆಲುವು. ಟೆಡ್ಡಿಯ ಕಾಲಿಗೆ ಬದಲಾಗಿ ಕೊಟ್ಟ ಪಿಕ್ ವೈಕಿಂಗ್ಸ್‌ನ ಅಂಗಳಕ್ಕೇ ಬಂದು ಕಪ್ ಒಯ್ಯಿತು.

ಎರಡನೇ ಪಿಕ್ ಯಾರ ನೆನಪಲ್ಲೂ ಇರಲಿಲ್ಲ. ಅದು 130ನೇ ಸರದಿಯಾಗಿತ್ತು. 2018ರಲ್ಲಿ ಅದರಿಂದ ಈಗಲ್ಸ್ ಆರಿಸಿದ್ದು ಜಾಶ್ ಸ್ವೆಟ್ ಎಂಬವರನ್ನು. ಸ್ವೆಟ್ ಒಳ್ಳೆಯ ಆಟಗಾರ, ಆದರೂ ಅಷ್ಟು ಕೆಳಗೆ ಯಾಕೆ ಉಳಿದರು? ಹೈಸ್ಕೂಲಿನಲ್ಲಿ ಆಡುವಾಗ ಅವರ ಎಡ ಮೊಣಕಾಲ ಕೀಲು ತಪ್ಪಿತ್ತು. ಅವರಿಗೂ ಕಾಲು ಕತ್ತರಿಸುವ ಮಾತು ಬಂದಿತ್ತು. ಆ ಮಂಡಿಯ ಭಯಕ್ಕೆ ತಂಡಗಳು ಅವರನ್ನು ದಾಟಿ ಹೋಗಿದ್ದವು. ಒಬ್ಬನ ಮುರಿದ ಮಂಡಿಯ ಬೆಲೆಯಾಗಿ ಬಂದ ಸರದಿಯಲ್ಲಿ, ಅಂಥದೇ ಮಂಡಿಯಿಂದ ಬೆಲೆ ಇಳಿದ ಇನ್ನೊಬ್ಬ. ನಾವು ಇದನ್ನು ಮೊದಲು ಓದಿದಾಗ ಯಾರೋ ಕತೆ ಕಟ್ಟಿದ್ದಾರೆ ಅನ್ನಿಸಿತ್ತು. 2025ರ ಫೆಬ್ರವರಿ 9ರಂದು ಈಗಲ್ಸ್ ಮತ್ತೆ ಸೂಪರ್ ಬೌಲ್ ಗೆದ್ದಾಗ ಎದುರಾಳಿ ಕ್ವಾರ್ಟರ್‌ಬ್ಯಾಕನ್ನು ಹೆಚ್ಚು ಸಲ ಕೆಡವಿದವರು ಇದೇ ಸ್ವೆಟ್.

ಟೆಡ್ಡಿ ಏನಾದರು? 2017ರ ಮೇನಲ್ಲಿ, ಅವರು ಇನ್ನೂ ಚೇತರಿಸಿಕೊಳ್ಳುತ್ತಿದ್ದಾಗಲೇ, ಒಪ್ಪಂದದ ಐದನೇ ವರ್ಷವನ್ನು ವೈಕಿಂಗ್ಸ್ ಬೇಡವೆಂದಿತು. ಆ ಡಿಸೆಂಬರ್ 17ರಂದು ಗೆದ್ದಾಗಿದ್ದ ಪಂದ್ಯವೊಂದರ ಕೊನೆಗೆ ಅವರನ್ನು ಇಳಿಸಿದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಎಸೆದ ಮೊದಲ ಚೆಂಡು ಎದುರಾಳಿಯ ಕೈ ಸೇರಿತು, ಆದರೂ ಚಪ್ಪಾಳೆ ನಿಲ್ಲಲಿಲ್ಲ. ಆಮೇಲೆ ಅವರೇ ಸಂತೆಯ ಸರಕಾದರು. 2014ರಲ್ಲಿ ಮೊದಲ ಸುತ್ತಿನ 32ನೇ ಸರದಿಯಲ್ಲಿ ಬಂದವರು. 2018ರಲ್ಲಿ ನ್ಯೂಯಾರ್ಕ್ ಜೆಟ್ಸ್ ಅವರನ್ನು ಒಂದು ಆರನೇ ಸುತ್ತಿನ ಪಿಕ್ ಜೊತೆ ಸೇರಿಸಿ ನ್ಯೂ ಆರ್ಲಿಯನ್ಸ್ ಸೇಂಟ್ಸ್‌ಗೆ ಕೊಟ್ಟು ಮೂರನೇ ಸುತ್ತಿನದು ಪಡೆಯಿತು. ಮರುವರ್ಷ ಸೇಂಟ್ಸ್‌ನ ಡ್ರೂ ಬ್ರೀಸ್ ಹೆಬ್ಬೆರಳಿಗೆ ಪೆಟ್ಟಾದಾಗ ಅವರ ಜಾಗದಲ್ಲಿ ಇಳಿದು ಐದಕ್ಕೆ ಐದೂ ಪಂದ್ಯ ಗೆಲ್ಲಿಸಿದರು. ಅದಾದ ಮೇಲೆ ಕ್ಯಾರೊಲಿನಾ ತಂಡ ಮೂರು ವರ್ಷಕ್ಕೆ 6.3 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ಒಂದೇ ವರ್ಷಕ್ಕೆ ಸಾಕೆನಿಸಿ 2021ರಲ್ಲಿ ಡೆನ್ವರ್‌ಗೆ ದಾಟಿಸಿತು. ಆಗಿನ ಬೆಲೆ ಒಂದು ಆರನೇ ಸುತ್ತಿನ ಪಿಕ್.

2024ರಲ್ಲಿ ಟೆಡ್ಡಿ ಮಯಾಮಿಯಲ್ಲಿ ತಾವು ಓದಿದ ಹೈಸ್ಕೂಲಿಗೇ ಕೋಚ್ ಆಗಿ ಹೋದರು. ಅದೇ ವರ್ಷ ಆ ಶಾಲೆ ಫ್ಲಾರಿಡಾ ರಾಜ್ಯಮಟ್ಟದ ಪ್ರಶಸ್ತಿ ಗೆದ್ದಿತು. ಹುಡುಗರ ಓಡಾಟಕ್ಕೆ, ಊಟಕ್ಕೆ ತಮ್ಮ ಕೈಯಿಂದ ಖರ್ಚು ಮಾಡಿದ್ದು ನಿಯಮಕ್ಕೆ ವಿರುದ್ಧವೆಂದು 2025ರಲ್ಲಿ ಅವರನ್ನು ಅಮಾನತು ಮಾಡಿದರು. ಆಗಸ್ಟ್‌ನಲ್ಲಿ ಟ್ಯಾಂಪಾ ಬೇ ತಂಡ ಮತ್ತೆ ಆಡಲು ಕರೆಯಿತು, ಹೋದರು. ಈ ಸಲ ಯಾವ ಪಿಕ್ಕೂ ಕೈ ಬದಲಾಗಲಿಲ್ಲ.