ಪುರವೂ ಪನ್ನಗವೂ

ನಗರವು ಮನುಷ್ಯನೊಬ್ಬನದೇ ನೆಲೆಯೆಂಬ ಭಾವನೆಯು ಈ ದೇಶದ ಪುರಾತನ ಕಥೆಗಳಿಗೆ ಸಮ್ಮತವಾದುದಲ್ಲ. ಮಹಾಭಾರತದಲ್ಲಿ ಇಂದ್ರಪ್ರಸ್ಥವು ಬೆಳೆದ ನೆರೆಯಲ್ಲಿಯೇ ಖಾಂಡವವನವಿದ್ದಿತು. ಅದು ತಕ್ಷಕನ ನೆಲೆ. ವನವು ದಗ್ಧವಾಯಿತು, ತಕ್ಷಕನು ಉಳಿದುಕೊಂಡನು. ಅರ್ಜುನನ ಮೊಮ್ಮಗನಾದ ಪರೀಕ್ಷಿದ್ರಾಜನು ಎಷ್ಟು ಕಾವಲನ್ನಿರಿಸಿದರೂ ಆ ಸರ್ಪದಿಂದಲೇ ದಷ್ಟನಾದನು. ಜನಮೇಜಯನು ಸರ್ಪಕುಲವನ್ನೇ ಸುಡಲೆಳಸಲು, ಆಸ್ತೀಕನು ಆ ಯಾಗವನ್ನು ನಿಲ್ಲಿಸಿದನು. ಈಚಿನ ಚರಿತ್ರೆಯೂ ಬಹುಮಟ್ಟಿಗೆ ಇದೇ ಜಾಡಿನಲ್ಲಿ ನಡೆದಿರುವುದು ವಿಚಾರಾರ್ಹವಾಗಿದೆ.

ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ವಿಷಸರ್ಪಗಳನ್ನು ದರ್ವೀಕರ, ಮಂಡಲಿ, ರಾಜಿಮಂತವೆಂದು ವಿಂಗಡಿಸಿದೆ; ಹೆಡೆಯುಳ್ಳವು, ಮಂಡಲಗಳುಳ್ಳವು, ಗೆರೆಗಳುಳ್ಳವು ಎಂದರ್ಥ. ನಾಗರಹಾವು, ಕೊಳಕುಮಂಡಲ, ಕಟ್ಟುಹಾವುಗಳು ಈ ಲಕ್ಷಣಗಳಿಗೆ ಒಪ್ಪುತ್ತವೆ. ಕನ್ನಡದ ಜನರು ಇಂದಿಗೂ ಆಡುವ ಹೆಸರಿನಲ್ಲಿ ‘ಮಂಡಲ’ ಶಬ್ದವು ಉಳಿದಿದೆ.

ಇವು ಊರೊಳಗೆ ಬರುವುದಕ್ಕೆ ಊರೇ ಕಾರಣ. ಧಾನ್ಯವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು. ಕಸದ ರಾಶಿ, ಕಲ್ಲಿನ ಸಂದು, ಮೋರಿಗಳು ಅವಕ್ಕೆ ಕಾಡಿಗಿಂತಲೂ ಅನುಕೂಲವಾದ ಬಿಡಾರಗಳು. ಬೆಂಗಳೂರಿನ ಬಡಾವಣೆಗಳು ಹೊಲಗದ್ದೆಗಳನ್ನೂ ಕೆರೆಯಂಗಳಗಳನ್ನೂ ಆಕ್ರಮಿಸಿ ಬೆಳೆದುವು. ಅಲ್ಲಿ ಮೊದಲಿನಿಂದಲೂ ಇದ್ದ ನಾಗರವೂ ಮಂಡಲವೂ ಹೊಸ ಗೋಡೆಗಳ ನಡುವೆಯೇ ಬಾಳಲು ಕಲಿತುವು. ಅಶ್ವತ್ಥಕಟ್ಟೆಯ ನಾಗರಕಲ್ಲುಗಳಿಗೆ ಹಾಲೆರೆಯುವ ಪೇಟೆಯ ಮನೆಗಳಲ್ಲಿಯೇ, ಹಿತ್ತಲಲ್ಲಿ ಹಾವು ಕಂಡಾಗ ದೊಣ್ಣೆಯನ್ನು ಹುಡುಕುವುದೂ ಉಂಟು.

ಕಂಪನಿ ಸರಕಾರದ ವೈದ್ಯನಾದ ಪ್ಯಾಟ್ರಿಕ್ ರಸೆಲ್ಲನು ೧೭೯೬ರಲ್ಲಿ ಭಾರತದ ಹಾವುಗಳನ್ನು ಕುರಿತ ಸಚಿತ್ರ ಗ್ರಂಥವನ್ನು ಪ್ರಕಟಿಸಿ, ವಿಷವುಳ್ಳವನ್ನೂ ಇಲ್ಲದವನ್ನೂ ಗುರುತಿಸಲು ದಾರಿ ತೋರಿದನು. ಕಲ್ಕತ್ತೆಯಲ್ಲಿ ಜೋಸೆಫ್ ಫೇರರನು ಅನೇಕ ಪ್ರತಿವಿಷಗಳನ್ನು ಪರೀಕ್ಷಿಸಿ, ಒಂದೂ ಫಲಕಾರಿಯಲ್ಲವೆಂದು ಕಂಡನು. ೧೮೬೯ರಲ್ಲಿ ಹಾವು ಕಚ್ಚಿ ಸತ್ತವರು ೧೧,೪೧೬ ಮಂದಿಯೆಂದು ಅವನು ಸಂಗ್ರಹಿಸಿದ ಲೆಕ್ಕ. ಅದಾದರೂ ದೇಶದ ಒಂದು ಭಾಗಕ್ಕೆ ಮಾತ್ರ ಸಂಬಂಧಿಸಿದುದು. ಹಾವಿನ ತಲೆಗೆ ಇನಾಮು ಕೊಡುವ ಪದ್ಧತಿಯು ಬಂದಿತು. ಲಕ್ಷಗಟ್ಟಲೆ ಹಾವುಗಳು ಹತವಾದುವು; ಆದರೂ ಶತಮಾನದ ಕೊನೆಗೆ ವರ್ಷಕ್ಕೆ ಸುಮಾರು ೨೦,೦೦೦ ಮಂದಿ ಸಾಯುತ್ತಲೇ ಇದ್ದರು. ಜನಮೇಜಯನ ಯಾಗವು ಕಚೇರಿಯ ಕಡತಗಳಲ್ಲಿ ಮರುಕಳಿಸಿ ಪುನಃ ವಿಫಲವಾಯಿತು.

ಮದ್ದು ದೊರೆತುದು ಹಾವಿನಿಂದಲೇ. ೧೮೯೦ರ ದಶಕದಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ಟನು, ವಿಷವನ್ನು ಅಲ್ಪಾಲ್ಪವಾಗಿ ಪ್ರಾಣಿಗಳ ಮೈಗೆ ಸೇರಿಸುತ್ತ ಬಂದರೆ ಅವುಗಳ ರಕ್ತದಲ್ಲಿ ವಿಷನಿರೋಧಕ ಶಕ್ತಿಯು ಹುಟ್ಟುವುದೆಂಬುದನ್ನು ಪ್ರಯೋಗಕ್ಕೆ ತಂದನು. ಇಂದು ಭಾರತದಲ್ಲಿ ಕುದುರೆಗಳ ರಕ್ತದಿಂದ ಸಿದ್ಧವಾಗುವ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳೆಂಬ ನಾಲ್ಕರ ವಿಷಕ್ಕೂ ಸಲ್ಲುತ್ತದೆ. ಅದಕ್ಕೆ ಜೀವಂತ ಸರ್ಪಗಳು ಬೇಕು. ಹಿಂದೆ ಚರ್ಮದ ವ್ಯಾಪಾರಕ್ಕಾಗಿ ಹಾವು ಹಿಡಿಯುತ್ತಿದ್ದ ತಮಿಳುನಾಡಿನ ಇರುಳ ಜನರು, ಆ ವ್ಯಾಪಾರವು ನಿಷಿದ್ಧವಾದ ಮೇಲೆ ೧೯೭೮ರಲ್ಲಿ ಸಹಕಾರ ಸಂಘವನ್ನು ಕಟ್ಟಿದರು. ಅವರು ಹಾವನ್ನು ಹಿಡಿದು, ಕೆಲವು ವಾರಗಳಲ್ಲಿ ಕೆಲವಾವರ್ತಿ ವಿಷವನ್ನು ತೆಗೆದು, ಪುನಃ ಬಯಲಿಗೆ ಬಿಡುತ್ತಾರೆ. ಕೊಲ್ಲುವ ವಿದ್ಯೆಯೇ ಕಾಯುವ ವಿದ್ಯೆಯಾಗಿ ಪರಿಣಮಿಸಿತು.

ಆದರೂ ೨೦೦೦ದಿಂದ ೨೦೧೯ರವರೆಗೆ ಈ ದೇಶದಲ್ಲಿ ಹಾವಿನ ಕಡಿತದಿಂದ ಸುಮಾರು ೧೨ ಲಕ್ಷ ಜನರು ಮೃತರಾದರೆಂದು ೨೦೨೦ರಲ್ಲಿ ಪ್ರಕಟವಾದ ಅಧ್ಯಯನವು ಅಂದಾಜುಮಾಡಿದೆ. ಇವರಲ್ಲಿ ಬಹುಪಾಲು ಹಳ್ಳಿಗರು. ಪಟ್ಟಣದಲ್ಲಿ ಆಸ್ಪತ್ರೆಯು ಸಮೀಪವೆಂಬುದೇ ದೊಡ್ಡ ರಕ್ಷೆ. ಗಾಯವನ್ನು ಕೊಯ್ಯುವುದರಲ್ಲಿಯೂ ಮಂತ್ರಿಸುವುದರಲ್ಲಿಯೂ ಹೊತ್ತು ಕಳೆದವರಿಗೆ ಆ ರಕ್ಷೆಯೂ ಇಲ್ಲ. ಕರ್ನಾಟಕ ಸರಕಾರವು ೨೦೨೪ರಲ್ಲಿ ಹಾವಿನ ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿಮಾಡಬೇಕೆಂದು ವಿಧಿಸಿತು.

ಆಸ್ತೀಕನ ಹೆಸರನ್ನು ಸ್ಮರಿಸಿದರೆ ಸರ್ಪಭಯವಿಲ್ಲವೆಂದು ಹಿರಿಯರ ನಂಬಿಕೆ. ಆ ಸ್ಮರಣೆಗೆ ತಕ್ಕ ಆಚರಣೆಯೆಂದರೆ ಅಂಗಳದ ಕಸವನ್ನು ತೆಗೆಯುವುದು, ಇಲಿಗಳಿಗೆ ಎಡೆಗೊಡದಿರುವುದು, ಇರುಳಲ್ಲಿ ದೀಪವಿಲ್ಲದೆ ಹಿತ್ತಲಿಗೆ ಕಾಲಿಡದಿರುವುದು. ಹಾವಿಗೂ ಮನುಷ್ಯನಿಗೂ ನಡುವೆ ಇಷ್ಟು ದೂರವಿದ್ದರೆ ಒಂದೇ ಊರು ಇಬ್ಬರಿಗೂ ಸಾಕು.